ಬೆಟ್ಟದ ಪರವಾಗಿ ತಲೆ ಬಾಗಿಸಿದವಳು

ಬಾವಿಮನೆಯ ಸೊಸೆ ಎರ್ಲಿಂದಾ ಬಾಯಿ ತೆರೆದರೆ ಹೊರಗಿನವರು ಕಕ್ಕಾಬಿಕ್ಕಿಯಾಗುತ್ತಾರೆ. ನೋಡಲು ಮೂವತ್ತರ ಹೆಂಗಸು, ಮಾತು ಮಾತ್ರ ಎಪ್ಪತ್ತರ ಮುದುಕಿಯದು. ಫಿಲಿಪೀನ್ಸಿನಿಂದ ಜಪಾನಿನ ಈ ಹಳ್ಳಿಗೆ ಮದುವೆಯಾಗಿ ಬಂದಾಗ ಅವಳಿಗೆ ನಮ್ಮ ಭಾಷೆಯ ಒಂದಕ್ಷರವೂ ಬರುತ್ತಿರಲಿಲ್ಲ. ಗಂಡ ತೊಕುಜಿ ಮಾತಾಡುವ ಪೈಕಿಯಲ್ಲ, ಅದೂ ಅಲ್ಲದೆ ಚಳಿಗಾಲ ಪೂರ್ತಿ ಟೋಕಿಯೊದಲ್ಲಿ ಸುರಂಗ ಅಗೆಯುವ ಕೆಲಸಕ್ಕೆ ಹೋಗಿಬಿಡುತ್ತಾನೆ. ಮನೆಯಲ್ಲಿ ಉಳಿಯುವವಳು ಅತ್ತೆ ಮಿಸಾವೊ ಒಬ್ಬಳೇ. ಹಾಗಾಗಿ ಎರ್ಲಿಂದಾ ಕಲಿತದ್ದೆಲ್ಲ ಆ ಮುದುಕಿಯ ಬಾಯಿಂದ. ಅದೇ ಹಳೇ ಕಾಲದ ಹಳ್ಳಿಮಾತು, ಅದೇ ಗೊಣಗಾಟ, ಕೂರುವಾಗ ಏಳುವಾಗ ಅದೇ "ಅಯ್ಯಮ್ಮಾ ಸೊಂಟ". ಮೊದಲ ಸಲ ನನ್ನ ತೋಫು ಅಂಗಡಿಗೆ ಒಬ್ಬಳೇ ಬಂದವಳು ಸೊಂಟ ಬಗ್ಗಿಸಿ, ಬಹಳ ಮರ್ಯಾದೆಯಿಂದ, "ಏನೇ ಫುಕು, ಇವತ್ತಾದ್ರೂ ತೋಫು ಗಟ್ಟಿಯಾಗಿದೆಯೋ, ಇಲ್ಲಾ ನಿನ್ ಹಾಗೇ ಸಡ್ಲವೋ" ಎಂದಳು. ಅದು ಮಿಸಾವೊ ನನ್ನನ್ನು ದಿನಾ ಕೇಳುವ ಮಾತು. ಅಂಗಡಿಗೆ ಬಂದಾಗ ನಮಸ್ಕಾರ ಹೇಳುವ ಬಗೆಯೇ ಅದು ಎಂದುಕೊಂಡಿತ್ತು ಪಾಪದ್ದು. ನಾನು ನಕ್ಕು ನಕ್ಕು ಕಟ್ಟೆಯ ಮೇಲೆ ಕೂತುಬಿಟ್ಟೆ. ಆಮೇಲೆ ಒಂದು ತೋಫು ಹೆಚ್ಚಿಗೆ ಹಾಕಿ ಕಳಿಸಿದೆ.

ಅವಳು ಬಂದದ್ದು ಎಂಬತ್ತೆಂಟರಲ್ಲಿ. ನಮ್ಮೂರು ಕಮಿಸವಾದ ಗದ್ದೆಮನೆಗಳಿಗೆ ಹೆಣ್ಣು ಕೊಡುವವರೇ ಇರಲಿಲ್ಲ. ಹಿಮ, ಕೆಸರು, ಅತ್ತೆ, ಈ ಮೂರನ್ನೂ ಒಟ್ಟಿಗೆ ಯಾವ ಹುಡುಗಿ ಕಟ್ಟಿಕೊಳ್ಳುತ್ತಾಳೆ? ಒಬ್ಬ ದಲ್ಲಾಳಿ ಹುಟ್ಟಿಕೊಂಡ, ಮೂವರು ಹುಡುಗಿಯರನ್ನು ಕರೆತಂದ. ಒಬ್ಬಳು ಮೊದಲ ಹಿಮ ಬೀಳುತ್ತಲೇ ಓಡಿಹೋದಳು. ಇನ್ನೊಬ್ಬಳು ಜಾಣೆ, ಗಂಡನನ್ನೂ ಎಳೆದುಕೊಂಡು ಪಟ್ಟಣ ಸೇರಿದಳು. ಉಳಿದವಳು ಇವಳೇ. ಮಿಸಾವೊ ಅವಳ ಹೆಸರನ್ನು ನಾಲಿಗೆ ತಿರುಗುವುದಿಲ್ಲವೆಂದು ಕತ್ತರಿಸಿ "ಎರಿ" ಮಾಡಿದಳು. ಮಕ್ಕಳಾಗಲಿಲ್ಲ. ಆದರೂ ಅವಳು ಊರಿನ ಒಂದೊಂದು ಪದ್ಧತಿಯನ್ನೂ ಕಲಿತಳು. ಯಾರ ಮನೆಗೆ ಯಾವ ಕೈಯಲ್ಲಿ ಏನು ಕೊಡಬೇಕು, ಯಾರಿಗೆ ಎಷ್ಟು ಬಗ್ಗಬೇಕು, ಎಲ್ಲಾ. "ಮೊದ್ಲು ತಲೆ ಬಗ್ಸು, ಕಾರಣ ಆಮೇಲೆ ಕೇಳು" ಎನ್ನುವುದು ಮಿಸಾವೊಳ ಪಾಠ. ಊರ ಹೆಣ್ಣುಮಕ್ಕಳೇ ಬಿಟ್ಟುಬಿಟ್ಟಿದ್ದ ಪದ್ಧತಿಗಳನ್ನು ಈ ಪರದೇಶದವಳು ಹಿಡಿದು ನಡೆಸುತ್ತಿದ್ದಳು.

ತೊಂಬತ್ತೊಂದರ ಜೂನ್‌ನಲ್ಲಿ ಅವಳ ತವರೂರಿನ ನೆತ್ತಿಯ ಮೇಲಿದ್ದ ಪಿನಾಟುಬೊ ಬೆಟ್ಟ ಸಿಡಿಯಿತು. ಟಿವಿಯಲ್ಲಿ ನಾವೂ ನೋಡಿದೆವು, ಹೂಕೋಸಿನ ಹಾಗೆ ಮೇಲೆದ್ದ ಬೂದು ಹೊಗೆ. ಅದೇ ದಿನ ಅಲ್ಲಿ ಚಂಡಮಾರುತವೂ ಹೊಡೆದಿತ್ತು. ಬೀಳುವ ಬೂದಿ ಮಳೆಯಲ್ಲಿ ನೆನೆದು, ಕಲಸಿದ ಗಾರೆಯ ಹಾಗೆ ಭಾರವಾಗಿ ಸೂರುಗಳ ಮೇಲೆ ಕೂತಿತು. ಸತ್ತವರಲ್ಲಿ ಬಹಳ ಜನ ಬೆಂಕಿಗೆ ಸತ್ತವರಲ್ಲ, ತಮ್ಮ ತಮ್ಮ ಮನೆಯ ಮಾಡು ಕುಸಿದು ಸತ್ತವರು. ಎರ್ಲಿಂದಾಳ ಅಪ್ಪನೂ ಹಾಗೇ ಹೋದ. ಎಲ್ಲರೂ ಗಾಡಿ ಹತ್ತಿ ಹೊರಟ ಮೇಲೆ ಕೋಣದ ಹಗ್ಗ ಬಿಚ್ಚಿ ಬರುತ್ತೇನೆಂದು ವಾಪಸು ಹೋದವನ ಮೇಲೆ ಕೊಟ್ಟಿಗೆಯ ಮಾಡು ಬಿತ್ತು.

ಇದು ನಮಗ್ಯಾರಿಗೂ ಆಗ ಗೊತ್ತಾಗಲಿಲ್ಲ. ಫೋನಿನಲ್ಲಿ ಸುದ್ದಿ ಬಂದ ಮಾರನೆಯ ದಿನ ಅತ್ತೆ ಸೊಸೆ ಇಬ್ಬರೂ ಅಂಗಡಿಗೆ ಬಂದಿದ್ದರು. ನಿಮ್ಮವರೆಲ್ಲ ಹೇಗಿದ್ದಾರಮ್ಮ ಎಂದು ನಾನು ಕೇಳಿದ್ದು ಸೊಸೆಯನ್ನು. ಉತ್ತರ ಕೊಟ್ಟವಳು ಮಿಸಾವೊ. "ಎಲ್ಲಾ ಬೇರೆ ಊರಿಗೆ ಹೋಗಿದಾರಂತೆ, ಮನೆ ಹೋಯ್ತಂತೆ ಅಷ್ಟೇ" ಎಂದು ತೋಫು ಚೀಲಕ್ಕೆ ಹಾಕಿಕೊಂಡಳು. ಸೊಸೆ ತಲೆ ಬಗ್ಗಿಸಿ ಚಿಲ್ಲರೆ ಎಣಿಸಿದಳು.

ಮುಚ್ಚಿಟ್ಟದ್ದಕ್ಕೆ ಕಾರಣ ನಮ್ಮೂರ ಗುಡಿಯ ಪಾಳಿ. ಆ ವರ್ಷದಿಂದ ಮೂರು ವರ್ಷದ ಪಾಳಿ ಬಾವಿಮನೆಗೆ ಬಂದಿತ್ತು. ಪಾಳಿಯ ಮನೆಯವರು ಗುಡಿಯ ಬೀಗ ತೆಗೆಯಬೇಕು, ಊರ ಪರವಾಗಿ ಹೊಸ ಅಕ್ಕಿ ದೇವರಿಗೆ ಒಪ್ಪಿಸಬೇಕು. ಸಾವಿನ ಸೂತಕ ಇದ್ದವರು ಗುಡಿಯ ಕಮಾನು ದಾಟುವಂತಿಲ್ಲ. ಬಹಳ ವರ್ಷಗಳ ಹಿಂದೆ ಒಮ್ಮೆ ಪಾಳಿ ಕೈಗೆ ಬಂದ ವರ್ಷವೇ ಮಿಸಾವೊಳ ಗಂಡ ಸತ್ತು, ಅದು ಪಕ್ಕದ ಜೆನ್ಜಿಯ ಮನೆಗೆ ದಾಟಿಹೋಗಿತ್ತು. ಈ ಸಲವೂ ತಪ್ಪಿದರೆ ಅವಳ ಜನ್ಮದಲ್ಲಿ ಮತ್ತೆ ಬರುವುದಿಲ್ಲ. ಅದಕ್ಕೇ ಸೊಸೆಯನ್ನು ಕೂರಿಸಿಕೊಂಡು ಕಡ್ಡಿ ಮುರಿದಂತೆ ಹೇಳಿದ್ದಳು: "ಅವ್ರ ಊರಿನ ಸಾವು ಅವ್ರ ಊರಲ್ಲೇ ಇರ್ಲಿ. ನೀನಾಗಿ ಯಾರ ಹತ್ರನೂ ಬಾಯಿ ಬಿಡ್ಕೂಡ್ದು."

ಎರ್ಲಿಂದಾಳ ಕಡೆ ಯಾರಾದರೂ ಸತ್ತರೆ ಒಂಬತ್ತು ಸಂಜೆ ನೆರೆಹೊರೆಯವರೆಲ್ಲ ಮನೆಗೆ ಬಂದು ಜೊತೆಗೆ ಕೂತು ಪ್ರಾರ್ಥನೆ ಮಾಡುತ್ತಾರಂತೆ. ಒಬ್ಬರೇ ಅಳಲು ಬಿಡುವುದಿಲ್ಲವಂತೆ. ಇಲ್ಲಿ ಅವಳು ಅಪ್ಪ ಸತ್ತ ಮರುವಾರವೇ ಗುಡಿಯ ಅಂಗಳ ಗುಡಿಸುತ್ತಿದ್ದಳು. ಎದುರು ಸಿಕ್ಕವರಿಗೆ ನಗಬೇಕಾಗಿತ್ತು. ಅವಳಿಗೆ ಬೇಕಾಗಿದ್ದದ್ದು ಇಷ್ಟೇ, ಈ ಊರಲ್ಲಿ ಒಬ್ಬರಾದರೂ ಪಕ್ಕದಲ್ಲಿ ಕೂತು "ನಿನ್ನ ಅಪ್ಪ ಹೋದನಂತೆ" ಅನ್ನಬೇಕು. ಅಷ್ಟೂ ಸಿಗಲಿಲ್ಲ.

ಆ ವರ್ಷದ ಹಿಂಗಾರಿನಿಂದ ಸಂಜೆಗಳು ವಿಚಿತ್ರವಾಗಿ ಕೆಂಪಾಗತೊಡಗಿದವು. ಸೂರ್ಯ ಮುಳುಗಿ ಎಷ್ಟೋ ಹೊತ್ತಾದ ಮೇಲೆ ಪಡುವಣದಲ್ಲಿ ಮತ್ತೊಮ್ಮೆ ಬಣ್ಣ ಏರುತ್ತಿತ್ತು. ಮೊದಲು ಕುಂಕುಮ, ಆಮೇಲೆ ನೇರಳೆ. ನಾವೆಲ್ಲ ಬಾಗಿಲಿಗೆ ಬಂದು ನೋಡುತ್ತಿದ್ದೆವು. ಕ್ಷೌರದಂಗಡಿಯವನು ಫೋಟೊ ತೆಗೆದು ಗೋಡೆಗೆ ಹಾಕಿಕೊಂಡ. ಎರ್ಲಿಂದಾ ಕಾಲುವೆಯ ಏರಿಯ ಮೇಲೆ ಬುಟ್ಟಿ ಇಟ್ಟು, ಬಣ್ಣ ಆರುವ ತನಕ ನಿಂತಿರುತ್ತಿದ್ದಳು. "ಚಳಿ ಹಿಡಿಯುತ್ತೆ, ನಡಿ ಮನೆಗೆ" ಎಂದು ನಾನೇ ಎಷ್ಟೋ ಸಲ ಬೈದಿದ್ದೇನೆ. ಅದು ಅವಳ ಬೆಟ್ಟದ ಧೂಳು ಎಂಬುದು ಬೈದ ನನಗೂ ಗೊತ್ತಿರಲಿಲ್ಲ, ನಿಂತ ಅವಳಿಗೂ ಗೊತ್ತಿರಲಿಲ್ಲ.

ತೊಂಬತ್ತಮೂರರಲ್ಲಿ ಬೇಸಿಗೆಯೇ ಬರಲಿಲ್ಲ. ಸಮುದ್ರದ ಕಡೆಯಿಂದ ಬೀಸುವ ತಣ್ಣನೆಯ ಯಾಮಸೆ ಗಾಳಿ ನಮಗೆ ಹೊಸದಲ್ಲ, ಆದರೆ ಆ ವರ್ಷ ಬಂದದ್ದು ಹೋಗಲೇ ಇಲ್ಲ. ಜುಲೈ ತಿಂಗಳಲ್ಲಿ ಮನೆಯೊಳಗೆ ಒಲೆ ಉರಿಸಿದೆವು. ಮಂಜು ಗದ್ದೆಯ ಮೇಲೆ ದಿನಗಟ್ಟಲೆ ಕೂತಿರುತ್ತಿತ್ತು. ಭತ್ತ ಹಸಿರಾಗೇನೋ ಇತ್ತು, ತೆನೆ ಹೊರಟದ್ದು ತಡವಾಗಿ, ಹೊರಟ ಮೇಲೆ ಬಾಗಲಿಲ್ಲ. ತೆನೆ ಬಾಗದಿದ್ದರೆ ಗದ್ದೆಯವನಿಗೆ ಬೇರೆ ಯಾರೂ ಏನೂ ಹೇಳಬೇಕಾಗಿಲ್ಲ. ಕಾಳು ಹಿಚುಕಿದರೆ ಹಾಲು ಬರಬೇಕು, ಬೆರಳಿಗೆ ಸಿಕ್ಕಿದ್ದು ಬರೀ ಸಿಪ್ಪೆ. ಊರಿಗೆ ಊರೇ ಜೊಳ್ಳು. ಜೆನ್ಜಿ ತನ್ನ ಗದ್ದೆಯನ್ನು ಹಸಿಯಾಗಿಯೇ ಕೊಯ್ದು ದನಕ್ಕೆ ಹಾಕಿದ. ದಿನಾ ಬಾಯಿ ಹರಿಸುವ ಮನುಷ್ಯ, ಆ ದಿನ ಅಂಗಡಿಯ ಕಡೆಗೇ ಬರಲಿಲ್ಲ.

ಸೆಪ್ಟೆಂಬರಿನ ಒಂದು ಬೆಳಗ್ಗೆ ನನ್ನ ಅಂಗಡಿಯ ಟಿವಿಯಲ್ಲಿ ಹವಾಮಾನದವನು ಭೂಮಿಯ ಗೋಳ ಇಟ್ಟುಕೊಂಡು ವಿವರಿಸುತ್ತಿದ್ದ. ಪಿನಾಟುಬೊ ಉಗುಳಿದ ಗಂಧಕದ ಹೊಗೆ ಮೋಡಗಳಿಗಿಂತ ಎಷ್ಟೋ ಮೇಲೆ ಹೋಗಿದೆ, ಅಲ್ಲಿ ಮಳೆ ಇಲ್ಲ, ಹಾಗಾಗಿ ತೊಳೆದುಹೋಗಲು ದಾರಿಯಿಲ್ಲ. ಸಣ್ಣ ಹನಿಗಳಾಗಿ ಕೆಲವೇ ವಾರಗಳಲ್ಲಿ ಭೂಮಿಯನ್ನೇ ಸುತ್ತಿಕೊಂಡು ಆಮೇಲೆ ಎಲ್ಲ ಕಡೆ ಹರಡಿದೆ, ಬಿಸಿಲನ್ನು ಮೇಲಿನಿಂದಲೇ ಹಿಂದಕ್ಕೆ ಅಟ್ಟಿದೆ, ಲೋಕವೆಲ್ಲ ಸರಾಸರಿ ಅರ್ಧ ಡಿಗ್ರಿ ತಣ್ಣಗಾಗಿದೆ ಎಂದ.

"ಅರ್ಧ ಡಿಗ್ರಿಗೆ ಇಷ್ಟು ರಂಪಾಟಾನಾ?" ಎಂದ ಜೆನ್ಜಿ, ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತ. "ನನ್ನ ಹೆಂಡ್ತಿಗೆ ಜ್ವರ ಎರಡು ಡಿಗ್ರಿ ಏರಿದ್ರೂ ಗದ್ದೆಗೆ ಬರ್ತಾಳೆ."

"ಅವ್ಳು ಬರೋದು ನೀನು ಮನೇಲಿರ್ತೀಯ ಅಂತ" ಎಂದೆ ನಾನು. ಎಲ್ಲರೂ ನಕ್ಕರು.

ಗೋಳದವನು ಕೊನೆಯಲ್ಲಿ ಇನ್ನೊಂದು ಮಾತು ಹೇಳಿದ. ಈ ವರ್ಷದ ಚಳಿಗೆ ಆ ಬೆಟ್ಟವೊಂದೇ ಕಾರಣ ಎನ್ನಲಾಗದು, ಸಮುದ್ರ ಗಾಳಿಗಳ ಲೆಕ್ಕವೂ ಇದೆ ಎಂದ. ಅದನ್ನು ಯಾರು ಕೇಳುತ್ತಾರೆ? ಹೊಟ್ಟೆ ಉರಿಯುವವರಿಗೆ ಒಂದೇ ಕಾರಣ ಸಾಕು, ಆ ಕಾರಣಕ್ಕೆ ಒಂದು ಮುಖ ಇದ್ದರೆ ಇನ್ನೂ ಒಳ್ಳೆಯದು. ಆ ಮುಖ ಅದೇ ಹೊತ್ತಿಗೆ ಪಾತ್ರೆ ಹಿಡಿದು ಅಂಗಡಿಯೊಳಗೆ ಬಂತು.

"ಬಾಮ್ಮ ಎರಿ" ಎಂದ ಜೆನ್ಜಿ. "ನಿಮ್ಮೂರ ಬೆಟ್ಟ ನಮ್ಮ ಅನ್ನ ತಿಂದ್ಬಿಡ್ತಲ್ಲ. ಇನ್ನೂ ಹಸಿವಿದೆಯಂತಾ, ಕೇಳಿ ಹೇಳು."

ಅವಳಿಗೆ ಅರ್ಥವಾಗಲಿಲ್ಲ. ಕ್ಷೌರದಂಗಡಿಯವನು ಟಿವಿ ತೋರಿಸಿ ಬಿಡಿಸಿ ಹೇಳಿದ. ಅವಳು ಪಾತ್ರೆ ಕೆಳಗಿಟ್ಟು ಬಹಳ ಹೊತ್ತು ಆ ಗೋಳವನ್ನೇ ನೋಡಿದಳು. ಆಮೇಲೆ, "ಹಂಗಾರೆ ಆ ಸಂಜೆ ಬಣ್ಣ?" ಎಂದು ಕೇಳಿದಳು. ಹೌದು, ಅದೂ ಅದರದ್ದೇ ಎಂದರು. ತೋಫು ಕೊಳ್ಳದೆಯೇ ಪಾತ್ರೆ ಎತ್ತಿಕೊಂಡು ಹೊರಟಳು.

ಅಂದಿನಿಂದ ಶುರುವಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತಾರಲ್ಲ, ಹಾಗೆ. ಅವಳು ಬರುವುದು ಕಂಡರೆ, "ಬಂದ್ಲು ನೋಡು ಬೆಟ್ಟದ ಮಗ್ಳು, ಬಿಸ್ಲು ಎಲ್ಲಿ ಬಚ್ಚಿಟ್ಟಿದೀಯವ್ವ, ಸ್ವಲ್ಪ ಕೊಡು." ಬಟ್ಟೆ ಒಣಗದಿದ್ದರೆ ಅವಳ ಬೆಟ್ಟ, ಕೋಳಿ ಮೊಟ್ಟೆ ಇಡದಿದ್ದರೆ ಅವಳ ಬೆಟ್ಟ. ಕೆಟ್ಟ ಮನಸ್ಸಿನಿಂದ ಆಡಿದವರು ಕಡಿಮೆ. ಬೇರೆ ಯಾರನ್ನು ಬೈಯುವುದು ಎಂದು ತಿಳಿಯದೆ ಆಡಿದರು. ಆದರೆ ದಿನಾ ಚುಚ್ಚಿದರೆ ಸೂಜಿಯೂ ದಬ್ಬಳವೇ. ನಾನು ಒಂದೆರಡು ಸಲ ಪೊರಕೆ ಎತ್ತಿದೆ. ಅವಳು ಮಾತ್ರ ಎಲ್ಲದಕ್ಕೂ ಮಿಸಾವೊಳ ದನಿಯಲ್ಲಿ, "ಏನ್ ಮಾಡೋದು, ಹಣೇಬರಹ" ಎಂದು ನಗುತ್ತಿದ್ದಳು.

ಒಂದು ದಿನ ಜೆನ್ಜಿ ನನ್ನ ಅಂಗಡಿಯಲ್ಲಿ ಎಲ್ಲರ ಎದುರು ಹೇಳಿದ. "ನೋಡಮ್ಮ ಎರಿ, ನಮ್ಮೂರಲ್ಲಿ ಒಂದು ಪದ್ಧತಿ ಇದೆ. ಯಾರ ಮನೇಲಿ ಬೆಂಕಿ ಹತ್ತುತ್ತೋ ಅವ್ರು ಮಾರನೇ ದಿನ ಮನೆಮನೆಗೆ ಹೋಗಿ ತಲೆ ಬಗ್ಗಿಸಿ ಟವೆಲ್ ಕೊಟ್ಟು, ನಮ್ಮಿಂದ ತೊಂದ್ರೆ ಆಯ್ತು ಅನ್ಬೇಕು. ಎಷ್ಟು ದೊಡ್ಡ ಬೆಂಕಿ ಹತ್ತಿಸಿದೀರಿ ನೀವು, ನಂಗಿನ್ನೂ ಒಂದು ಟವೆಲ್ಲೂ ಬಂದಿಲ್ಲ."

ಎಲ್ಲರೂ ನಕ್ಕರು. ನಾನೂ ಅರ್ಧ ನಕ್ಕೆ, ಸುಳ್ಳು ಯಾಕೆ ಹೇಳಲಿ. ಅವಳು ನಗಲಿಲ್ಲ. "ಹೌದಾ" ಎಂದಳು, ತೋಫು ತೆಗೆದುಕೊಂಡು ಹೋದಳು.

ಮಾರನೆಯ ದಿನ ಊಟದ ಹೊತ್ತಿಗೆ ಕ್ಷೌರದಂಗಡಿಯವನ ಹೆಂಡತಿ ಓಡಿಬಂದಳು. "ಫುಕು ಅಕ್ಕ, ಎರಿ ಮನೆಮನೆಗೆ ಹೋಗ್ತಿದಾಳೆ. ಕಪ್ಪು ಬಟ್ಟೆ ಹಾಕ್ಕೊಂಡು, ಸಾವಿನ ಮನೇಗೆ ಹೋಗೋ ಹಾಗೆ."

ಹೌದು. ಕಾಗದ ಸುತ್ತಿದ ಟವೆಲ್ಲುಗಳ ಗಂಟು ಹೊತ್ತು, ಪದ್ಧತಿಯ ಪ್ರಕಾರ ಬಲಗಡೆಯ ಮನೆಯಿಂದ ಶುರುಮಾಡಿ ಬರುತ್ತಿದ್ದಳು. ಬಾಗಿಲು ಸರಿಸುವುದು, ಸೊಂಟದವರೆಗೆ ಬಗ್ಗುವುದು, "ನಮ್ಮ ಬೆಟ್ಟದಿಂದ ನಿಮ್ಗೆಲ್ಲಾ ತೊಂದ್ರೆ ಆಯ್ತು, ದಯವಿಟ್ಟು ಕ್ಷಮಿಸ್ಬೇಕು" ಎನ್ನುವುದು, ಎರಡೂ ಕೈಯಲ್ಲಿ ಟವೆಲ್ಲು ಕೊಡುವುದು. ಜನ ಏನು ಮಾಡಿಯಾರು? ಬೇಡವೆನ್ನುವಂತಿಲ್ಲ, ಬೇಡವೆಂದರೆ ಕ್ಷಮಿಸಲಿಲ್ಲ ಎಂದಾಗುತ್ತದೆ. "ಛೆ ಛೆ, ಅದೆಲ್ಲ ಏನಿಲ್ಲ, ಏನಿಲ್ಲ" ಎಂದು ಟವೆಲ್ಲು ಕಿತ್ತುಕೊಂಡು ಬಾಗಿಲು ಹಾಕಿಕೊಂಡರು. ಜೆನ್ಜಿ ಮೊದಲು ನಗಲು ಬಾಯಿ ತೆರೆದನಂತೆ. ಅವಳು ಬಗ್ಗಿದವಳು ಎಷ್ಟು ಹೊತ್ತಾದರೂ ಏಳದಿದ್ದಾಗ ಅವನ ಬಾಯಿ ಹಾಗೇ ಮುಚ್ಚಿತಂತೆ. ಟವೆಲ್ಲು ಹಿಡಿದುಕೊಂಡು ಹಿತ್ತಲಿಗೆ ಹೋಗಿ ನಿಂತ ಎಂದು ಅವನ ಹೆಂಡತಿಯೇ ಆಮೇಲೆ ಹೇಳಿದಳು.

ನನ್ನ ಅಂಗಡಿಗೆ ಬಂದದ್ದು ಕೊನೆಗೆ. ಅವಳು ಬಗ್ಗುವ ಮೊದಲೇ ನಾನು ಅವಳ ಎರಡೂ ತೋಳು ಹಿಡಿದು ನಿಲ್ಲಿಸಿದೆ. ನನಗೆ ಸಿಟ್ಟು ಬಂದಿತ್ತು, ಯಾರ ಮೇಲೆ ಅಂತ ಗೊತ್ತಿರಲಿಲ್ಲ, ಅವಳೇ ಎದುರು ಇದ್ದಳಲ್ಲ.

"ತಲೆ ಕೆಟ್ಟಿದೆಯೇನೇ ನಿಂಗೆ? ಅವ್ನು ತಮಾಷೆಗೆ ಅಂದಿದ್ದು ಕಣೇ."

"ತಮಾಷೆ ಅಂತ ಗೊತ್ತಿತ್ತು ಅಕ್ಕ."

"ಗೊತ್ತಿದ್ದೂ ಹೋದ್ಯಾ? ಊರೆಲ್ಲಾ ಬಗ್ಗಿ ಬಂದ್ಯಾ?"

ಅವಳು ಕೈಯಲ್ಲಿದ್ದ ಕೊನೆಯ ಟವೆಲ್ಲನ್ನು ನೋಡಿಕೊಂಡು ನಿಧಾನವಾಗಿ ಹೇಳಿದಳು. "ಹಿಂದೊಂದ್ಸಲ ಕ್ಷೌರದಣ್ಣನ ಹೊಗೆಗೂಡಿಗೆ ಬೆಂಕಿ ಹತ್ತಿದಾಗ ಅವ್ರು ನಮ್ಮನೆಗೆ ಬಂದಿದ್ರು. ಅತ್ತೆ ಟವೆಲ್ ತಗೊಂಡು, ನಿಮ್ಮನೇಲಿ ಯಾರಿಗೂ ಏನೂ ಆಗ್ಲಿಲ್ವಲ್ಲ ಅಂತ ಕೇಳಿದ್ರು. ಹಂಗೆ ಕೇಳೋದು ಪದ್ಧತಿ ಅಂತ ನಂಗೆ ಹೇಳ್ಕೊಟ್ಟಿದ್ರು. ನಾನಾಗಿ ಹೇಳ್ಬಾರ್ದು ಅಂದಿದಾರೆ ಅಕ್ಕ. ಯಾರಾದ್ರೂ ಕೇಳಿದ್ರೆ ಹೇಳ್ಬೋದಲ್ಲ. ಅದಕ್ಕೇ ಹೋದೆ. ಇಷ್ಟು ಮನೇಲಿ ಒಬ್ರೂ ಕೇಳ್ಲಿಲ್ಲ."

ಅಂಗಡಿಯ ಬಾಗಿಲು ಎಳೆದುಕೊಂಡು ಅವಳನ್ನು ಕಟ್ಟೆಯ ಮೇಲೆ ಕೂರಿಸಿದೆ. "ಯಾರಿಗೆ ಏನಾಯ್ತು, ಹೇಳು" ಎಂದೆ.

"ಅಪ್ಪ" ಎಂದಳು. ಅಷ್ಟೇ. ಆಮೇಲೆ ಕೋಣ, ಕೊಟ್ಟಿಗೆ, ಪಾಳಿ, ಎಲ್ಲವನ್ನೂ ತುಂಡು ತುಂಡಾಗಿ ಹೇಳಿದಳು. ಅಳಲಿಲ್ಲ. ಅತ್ತರೆ ಕಣ್ಣು ಕೆಂಪಾಗುತ್ತೆ, ಮನೆಯಲ್ಲಿ ಗೊತ್ತಾಗುತ್ತೆ ಎಂದಳು. ನಾನು ಅವಳ ಕೈ ಹಿಡಿದುಕೊಂಡು ಕೂತೆ.

ನಾನು ಸುಮ್ಮನಿರುವ ಜಾತಿಯವಳಲ್ಲ. ಅದೇ ಸಂಜೆ ಬಾವಿಮನೆಗೆ ಹೋದೆ. ಮಿಸಾವೊ ಒಲೆಯ ಮುಂದೆ ಕೂತು ಮೂಲಂಗಿ ಹೆಚ್ಚುತ್ತಿದ್ದಳು. ಸೊಸೆಯ ಮೆರವಣಿಗೆಯ ಸುದ್ದಿ ಅವಳಿಗೂ ತಲುಪಿತ್ತು, ಹೆಚ್ಚುವ ರಭಸದಲ್ಲೇ ಗೊತ್ತಾಗುತ್ತಿತ್ತು.

"ಮನೆ ಮಾನ ಹರಾಜು ಹಾಕಿದ್ಲು" ಎಂದಳು.

"ಮಾನದ ಮಾತು ನೀನು ಆಡ್ಬೇಡ ಮಿಸಾವೊ ಅಕ್ಕ. ಬೀಗರು ಸತ್ರೆ ಮುಚ್ಚಿಡೋದು ಯಾವ ಮಾನ? ಅವ್ಳು ಎರಡು ವರ್ಷ ಹೇಗೆ ಉಸಿರಾಡಿದ್ಲು ಅಂತ ಯಾವತ್ತಾದ್ರೂ ಯೋಚ್ನೆ ಮಾಡಿದೀಯಾ?"

ಮಿಸಾವೊ ಚಾಕು ಕೆಳಗಿಟ್ಟಳು. "ನಿಂಗೇನೇ, ಬಾಯಿದೆ, ಬಡಾಯಿ ಕೊಚ್ತೀಯ. ಈಗ ಹೇಳಿದ್ರೆ ಏನಾಗುತ್ತೆ ಗೊತ್ತಾ? ಸೂತಕ ಇಟ್ಕೊಂಡು ಗುಡಿ ಬೀಗ ತೆಗೆದ್ಲು, ಅದಕ್ಕೇ ದೇವ್ರು ಮುನಿದು ಬೆಳೆ ಹೋಯ್ತು ಅಂತಾರೆ. ಆ ಬೆಟ್ಟ ದೂರ ಇದೆ. ನಾನು ಇಲ್ಲೇ ಇದೀನಿ. ನನ್ನನ್ನ ಹರಿದು ತಿಂತಾರೆ."

ಅವಳ ಮಾತು ಸುಳ್ಳೇನೂ ಆಗಿರಲಿಲ್ಲ. ನಮ್ಮ ಜನ ಹಾಗೆ ಅಂದೇ ಅನ್ನುತ್ತಾರೆ. ಆದರೆ ನನಗೆ ಅದನ್ನು ಒಪ್ಪಿಕೊಳ್ಳುವ ತಾಳ್ಮೆ ಇರಲಿಲ್ಲ. "ನೀನು ಸತ್ತಾಗ ನಿನ್ ಮೂಳೆ ಆರಿಸೋಳು ಅವ್ಳೇ, ನೆನಪಿರ್ಲಿ" ಎಂದು ಬಾಗಿಲು ಧಡಾರನೆ ಎಳೆದುಕೊಂಡು ಬಂದೆ.

ಆಮೇಲಿನ ದಿನಗಳು ಮೊದಲಿಗಿಂತ ಕೆಟ್ಟವಾದವು. ಚುಚ್ಚುಮಾತು ನಿಂತಿತು, ಅದರ ಜೊತೆಗೆ ಎಲ್ಲ ಮಾತೂ ನಿಂತಿತು. ಟವೆಲ್ಲು ಇಸಕೊಂಡವರಿಗೆ ಅವಳ ಮುಖ ನೋಡಲು ನಾಚಿಕೆ. ನಾಚಿಕೆಯಾದಾಗ ಮನುಷ್ಯ ಬಾಗಿಲು ಹಾಕಿಕೊಳ್ಳುತ್ತಾನೆ ಹೊರತು ತೆರೆಯುವುದಿಲ್ಲ. ಅವಳು ಅಂಗಡಿಗೆ ಬಂದರೆ ಕಟ್ಟೆಯ ಮೇಲಿದ್ದವರಿಗೆಲ್ಲ ಒಮ್ಮೆಗೇ ಕೆಲಸ ನೆನಪಾಗುತ್ತಿತ್ತು. ಆ ವರ್ಷ ಕೊಯ್ಲಿಲ್ಲದ್ದರಿಂದ ತೊಕುಜಿ ಬೇಗನೇ ಟೋಕಿಯೊಗೆ ಹೊರಟುಹೋದ. ಖಾಲಿ ಗದ್ದೆಯ ಪಕ್ಕದ ದಾರಿಯಲ್ಲಿ ಅವಳೊಬ್ಬಳೇ ಹೋಗುವುದನ್ನು ಅಂಗಡಿಯಿಂದ ನೋಡುತ್ತಿದ್ದೆ. ನನ್ನ ಹತ್ತಿರ ಕೂತು ಹೋಗೆಂದರೆ, "ಅತ್ತೆ ಕಾಯ್ತಾರೆ" ಎನ್ನುತ್ತಿದ್ದಳು. ಹೇಳಬೇಕಾದದ್ದನ್ನು ನನಗೆ ಹೇಳಿದ್ದಳು, ಆದರೆ ಕದ್ದು ಹೇಳಿದ ದುಃಖ ಇಳಿಯುವುದಿಲ್ಲ. ಬಾಗಿಲು ಹಾಕಿ ಕೇಳಿದ ನನಗೂ ಅದು ಗೊತ್ತಿತ್ತು.

ಮೊದಲ ಹಿಮ ಬೀಳುವ ಮುಂಚೆ, ಒಂದು ಬೆಳಗ್ಗೆ ಮಿಸಾವೊ ಅಂಗಡಿಗೆ ಬಂದಳು. ತುಂಬ ಜನ ಇದ್ದರು. ದಿನದ ಹಾಗೆ ತೋಫು ಸಡಿಲವೇ ಎಂದು ಕೇಳಲಿಲ್ಲ. ಚಪ್ಪಲಿ ಬಿಡುವ ಜಾಗದಲ್ಲೇ ನೆಟ್ಟಗೆ ನಿಂತು, "ಭಾನುವಾರಕ್ಕೆ ಕರಿದ ತೋಫು ಬೇಕು. ಊರಿಗೆಲ್ಲಾ ಆಗೋಷ್ಟು" ಎಂದಳು.

ನಮ್ಮಲ್ಲಿ ಕರಿದ ತೋಫು ಊರಿಗೆಲ್ಲ ಆಗುವಷ್ಟು ಹೇಳುವುದು ಸಾವಿನ ಊಟಕ್ಕೆ ಮಾತ್ರ. ಜೆನ್ಜಿಯ ಹೆಂಡತಿ ಗಾಬರಿಯಾಗಿ ಕೇಳಿದಳು. "ಯಾರು ಹೋದ್ರು ಅಜ್ಜಿ? ತೊಕುಜಿಗೇನಾದ್ರೂ..."

"ನನ್ನ ಬೀಗರು."

"ಅಯ್ಯೋ. ಯಾವಾಗ?"

"ಎರಡು ವರ್ಷ ಆಯ್ತು. ಜೂನ್‌ನಲ್ಲಿ. ಬೆಟ್ಟ ಸಿಡಿದ ದಿನ."

ಎಲ್ಲರೂ ಲೆಕ್ಕ ಹಾಕುತ್ತಿದ್ದರು. ಪಾಳಿಯ ಲೆಕ್ಕ ಹಾಕಲು ನಮ್ಮೂರಲ್ಲಿ ಯಾರಿಗೂ ಬಹಳ ಹೊತ್ತು ಬೇಡ. ಮಿಸಾವೊ ಅವರು ಹಾಕಿ ಮುಗಿಸುವವರೆಗೆ ಕಾದು ನಿಂತಳು. ಆಮೇಲೆ ನನ್ನ ಕಡೆ ತಿರುಗಿ, "ಗಟ್ಟಿಯಾಗಿರ್ಲಿ" ಎಂದು ಹೊರಟಳು.

ಭಾನುವಾರ ಬಾವಿಮನೆಯ ನಡುಮನೆಯಲ್ಲಿ ಫೋಟೊ ಇಟ್ಟಿದ್ದರು. ಟೋಪಿ ಹಾಕಿಕೊಂಡು ಬಿಸಿಲಿಗೆ ಕಣ್ಣು ಕಿರಿದು ಮಾಡಿದ, ಕಪ್ಪನೆಯ ಸಣಕಲು ಮನುಷ್ಯ. ಅದರ ಮುಂದೆ ಒಂದು ಬಟ್ಟಲು ಅನ್ನ, ಹೋದ ವರ್ಷದ ಅಕ್ಕಿಯದು. ಆ ಚಳಿಗಾಲ ಹೋದ ವರ್ಷದ ಅಕ್ಕಿ ಯಾರ ಮನೆಯಲ್ಲಿ ಎಷ್ಟಿತ್ತು ಎಂದು ಎಲ್ಲರಿಗೂ ಗೊತ್ತು. ಮಿಸಾವೊ ಪುರೋಹಿತನನ್ನು ಕರೆದಿರಲಿಲ್ಲ. "ಅವ್ರ ದೇವ್ರೇ ಬೇರೆ, ನಮ್ಮೋನು ಬಂದು ಏನು ಒದರ್ತಾನೆ" ಎಂದಿದ್ದಳು. ತೊಕುಜಿ ರಾತ್ರಿ ಬಸ್ಸಿನಲ್ಲಿ ಬಂದು ಹೆಂಡತಿಯ ಪಕ್ಕ ಕೂತಿದ್ದ.

ಮಿಸಾವೊ ಮಾತ್ರ ಬಾಗಿಲಲ್ಲೇ ಮಂಡಿಯೂರಿ ಕೂತಿದ್ದಳು. ಬಂದ ಒಬ್ಬೊಬ್ಬರಿಗೂ ಹಣೆ ನೆಲಕ್ಕೆ ಮುಟ್ಟಿಸಿ ಅದೇ ಮಾತು ಹೇಳುತ್ತಿದ್ದಳು. "ಸಾವಾಗಿದ್ದು ಮುಚ್ಚಿಟ್ಟೆ. ಸೂತಕದಲ್ಲೇ ಗುಡಿ ಬೀಗ ತೆಗ್ದೆ. ನನ್ನದೇ ತಪ್ಪು, ಸೊಸೇದಲ್ಲ." ಕೇಳಿ ಕೆಲವರು ಹೊಸ್ತಿಲಿನಿಂದಲೇ ತಿರುಗಿ ಹೋದರು. ಕೆಲವರು ಬರಲೇ ಇಲ್ಲ. ಊಟದ ಮಣೆಗಳು ಅರ್ಧಕ್ಕರ್ಧ ಖಾಲಿ ಉಳಿದವು.

ನಾನೂ ಕ್ಷೌರದಂಗಡಿಯವನ ಹೆಂಡತಿಯೂ ಅಡಿಗೆಮನೆ ಹಿಡಿದಿದ್ದೆವು. ಎರ್ಲಿಂದಾ ಅಭ್ಯಾಸದಂತೆ ಎದ್ದು ಬಂದು ಸೌಟಿಗೆ ಕೈ ಹಾಕಿದಳು. ನಾನು ಕಿತ್ತುಕೊಂಡೆ. "ಸಾವಾದ ಮನೆ ಮಗ್ಳು ಒಲೆ ಹತ್ರ ಬರೋ ಹಾಗಿಲ್ಲ. ಹೋಗಿ ಕೂತ್ಕೊ." ಅವಳು ಹೋಗಿ ಕೂತಳು. ಕೆಲಸವಿಲ್ಲದ ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ತೊಡೆಯ ಮೇಲೆ ತಿರುಗಿಸಿ ತಿರುಗಿಸಿ ಇಡುತ್ತಿದ್ದಳು.

ಜೆನ್ಜಿ ತಡವಾಗಿ ಬಂದ. ಮಿಸಾವೊ ಅವನಿಗೂ ಬಗ್ಗಿ, "ಪಾಳಿ ನಿಮ್ಮನೇಗೆ ದಾಟಬೇಕಿತ್ತು, ನಾನು ಬಿಟ್ಕೊಡ್ಲಿಲ್ಲ" ಎಂದಳು.

"ಈಗ ತಗೊಂಡು ಏನ್ ಮಾಡ್ಲಿ ಅಜ್ಜಿ" ಎಂದ ಅವನು. "ದೇವ್ರಿಗೆ ಒಪ್ಸೋಕೆ ನನ್ನ ಹತ್ರ ಒಂದು ಹಿಡಿ ಅಕ್ಕಿನೂ ಇಲ್ಲ." ಹೇಳಿ ಒಳಗೆ ಬಂದು ಎರ್ಲಿಂದಾಳ ಎದುರು ಕೂತ. ಬಹಳ ಹೊತ್ತು ಚಾಪೆಯ ಅಂಚು ಕೆರೆಯುತ್ತಿದ್ದ. ಕೊನೆಗೆ ಫೋಟೊದ ಕಡೆ ನೋಡಿ, "ಏನಮ್ಮ ಹೆಸ್ರು, ನಿಮ್ಮಪ್ಪಂದು?" ಎಂದ.

"ಮೆಲ್ಚೋರ್."

"ಮೆರು..." ಅವನ ನಾಲಿಗೆ ತೊಡರಿತು. "ಮೆರುಚೊ..." ಅವಳು ಇನ್ನೊಮ್ಮೆ ಹೇಳಿದಳು. ಅವನು ಇನ್ನೊಮ್ಮೆ ತಪ್ಪಿದ. ಕ್ಷೌರದಂಗಡಿಯವನು ಪ್ರಯತ್ನಿಸಿದ, ನಾನು ಅಡಿಗೆಮನೆಯ ಬಾಗಿಲಿಂದ ಪ್ರಯತ್ನಿಸಿದೆ. ನಮ್ಮ ಬಾಯಿಗೆ ಆ ಹೆಸರು ಹತ್ತಲೇ ಇಲ್ಲ.

"ಮೆಲ್ಚೋರ್" ಎಂದಿತು ಬಾಗಿಲ ಕಡೆಯಿಂದ ಒಂದು ದನಿ. ಸ್ವಚ್ಛವಾಗಿ, ಒಂದಕ್ಷರ ಜಾರದೆ. ಎಲ್ಲರೂ ತಿರುಗಿ ನೋಡಿದೆವು. ಮಿಸಾವೊ ಹೊರಗಿನ ದಾರಿಯನ್ನೇ ನೋಡುತ್ತ, ಯಾರೂ ಕೇಳದಿದ್ದರೂ ಹೇಳಿದಳು. "ದಿನಾ ಸಂಜೆ ಉಗ್ರಾಣದಲ್ಲಿ ಕೂತು ಒಬ್ಳೇ ಪ್ರಾರ್ಥನೆ ಮಾಡ್ತಾ ಅಪ್ಪನ ಹೆಸ್ರು ಕರೀತಿದ್ಲು. ನಂಗೂ ಬಾಯಿಗೆ ಬಂತು."

ಎರ್ಲಿಂದಾ ಅತ್ತೆಯ ಬೆನ್ನನ್ನು ನೋಡಿದಳು. ಆಮೇಲೆ ಚಾಪೆಯ ಮೇಲೆ ಮುಖ ಇಟ್ಟು, ಅವಳ ಊರಿನ ಭಾಷೆಯಲ್ಲಿ, ಇಡೀ ಕೇರಿಗೆ ಕೇಳುವ ಹಾಗೆ ಅತ್ತಳು. ಯಾರೂ ಎದ್ದು ಹೋಗಲಿಲ್ಲ.